ಗುಲಗಂಜಿಯ ವಿಷದಲ್ಲಿ ರಕ್ಷಣೆಯ ಗುಟ್ಟು ಕಂಡ ಪಾಲ್ ಎರ್ಲಿಕ್

ಬೋರನಕಣಿವೆ: ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹರಳು, ಬೇಲಿಯ ಮೇಲೆ ಹಬ್ಬಿ ಕೆಂಪು-ಕಪ್ಪು ಬೀಜ ತೋರುವ ಗುಲಗಂಜಿ, ಇವೆರಡೂ ಚಿಕ್ಕನಾಯಕನಹಳ್ಳಿ ಸೀಮೆಯ ಜನರಿಗೆ ಹೊಸತಲ್ಲ. ಹರಳೆಣ್ಣೆ ಮನೆಮದ್ದು, ಗುಲಗಂಜಿ ಅಕ್ಕಸಾಲಿಗರ ತಕ್ಕಡಿಯ ತೂಕ. ಎರಡೂ ಬೀಜಗಳ ಒಳಗೆ ಪ್ರಾಣ ತೆಗೆಯಬಲ್ಲ ವಿಷವಿದೆ ಎಂಬುದೂ ಹಿರಿಯರಿಗೆ ಗೊತ್ತು. ಸುವರ್ಣಮುಖಿ ನದಿಗೆ ಅಡ್ಡಲಾಗಿ ಇಲ್ಲಿನ ಕಟ್ಟೆ ಎದ್ದು ನಿಂತ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ, ಸಾವಿರಾರು ಮೈಲಿ ದೂರದ ಬರ್ಲಿನ್ ನಗರದಲ್ಲಿ ವೈದ್ಯರೊಬ್ಬರು ಇದೇ ಎರಡು ವಿಷಗಳನ್ನು ಬಿಳಿ ಇಲಿಗಳಿಗೆ ಅಳತೆಮಾಡಿ ತಿನ್ನಿಸುತ್ತಿದ್ದರು. ಅವರ ಹೆಸರು ಪಾಲ್ ಎರ್ಲಿಕ್.

ಆ ಇಲಿಗಳ ಕಥೆಗೂ ತೆಂಗಿನ ನಾಡಿನ ಇಂದಿನ ರೋಗಿಗಳಿಗೂ ಸಂಬಂಧವಿದೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಕೆಲವರು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ತಿಪಟೂರು, ತುರುವೇಕೆರೆಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗಿ, ಬಣ್ಣವಿಲ್ಲದ ದ್ರವವೊಂದನ್ನು ಗಂಟೆಗಟ್ಟಲೆ ರಕ್ತನಾಳದ ಮೂಲಕ ಏರಿಸಿಕೊಂಡು ಬರಬೇಕಾಗುತ್ತದೆ. ಇದು ಕ್ಯಾನ್ಸರಿನ ಔಷಧಿಯಲ್ಲ. ಪರರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳು, ಅಂದರೆ ಇಮ್ಯುನೊಗ್ಲೋಬುಲಿನ್. ರಕ್ಷಣೆಯನ್ನು ಹೀಗೆ ಎರವಲು ಪಡೆಯಬಹುದು, ಆದರೆ ಎರವಲು ಬಹುಕಾಲ ಉಳಿಯದು ಎಂಬುದನ್ನು ಪ್ರಯೋಗದ ಮೂಲಕ ಸ್ಪಷ್ಟಪಡಿಸಿದವರಲ್ಲಿ ಎರ್ಲಿಕ್ ಮೊದಲಿಗರು.

ಎರ್ಲಿಕ್ ಜನಿಸಿದ್ದು 1854ರ ಮಾರ್ಚ್ 14ರಂದು, ಆಗಿನ ಪ್ರಷ್ಯಾದ ಸೈಲೀಸಿಯ ಪ್ರಾಂತ್ಯದ ಸ್ಟ್ರೇಲೆನ್ ಎಂಬ ಸಣ್ಣ ಪಟ್ಟಣದಲ್ಲಿ. ಅದು ಈಗ ಪೋಲೆಂಡಿಗೆ ಸೇರಿದೆ. ಯೆಹೂದಿ ಕುಟುಂಬ. ತಂದೆ ಇಸ್ಮಾರ್ ಮದ್ಯ ತಯಾರಿಕೆಯ ಜೊತೆಗೆ ಸರಕಾರಿ ಲಾಟರಿಯ ವಸೂಲಿಯನ್ನೂ ನಡೆಸುತ್ತಿದ್ದರು. ತಾಯಿ ರೋಸಾ ಅವರ ಕಡೆಯ ಸಂಬಂಧಿ ಕಾರ್ಲ್ ವೈಗರ್ಟ್ ಎಂಬುವರು ಎರ್ಲಿಕ್‌ಗಿಂತ ಒಂಬತ್ತು ವರ್ಷ ಹಿರಿಯರು, ರೋಗಶಾಸ್ತ್ರದಲ್ಲಿ ಹೆಸರು ಮಾಡಿದವರು. ಕಲ್ಲಿದ್ದಲ ಟಾರಿನಿಂದ ತೆಗೆದ ಹೊಸ ಬಣ್ಣಗಳಿಂದ ಜೀವಕೋಶಗಳಿಗೆ ರಂಗು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯನ್ನು ಹುಡುಗನಿಗೆ ತೋರಿಸಿಕೊಟ್ಟವರು ಅವರೇ. ಆ ಗೀಳು ಕೊನೆಯವರೆಗೆ ಬಿಡಲಿಲ್ಲ.

ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ಎಂದು ಊರಿಂದೂರಿಗೆ ತಿರುಗಿ ವೈದ್ಯಕೀಯ ಓದಿದ ಎರ್ಲಿಕ್, ತರಗತಿಯ ಪಾಠಕ್ಕಿಂತ ಬಣ್ಣದ ಬಾಟಲಿಗಳಲ್ಲೇ ಹೆಚ್ಚು ಕಾಲ ಕಳೆದ ವಿದ್ಯಾರ್ಥಿ. ಒಂದು ಬಣ್ಣ ಒಂದು ಕೋಶಕ್ಕೆ ಅಂಟಿ ಮತ್ತೊಂದಕ್ಕೆ ಏಕೆ ಅಂಟುವುದಿಲ್ಲ ಎಂಬ ಪ್ರಶ್ನೆ ಅವರನ್ನು ಕಾಡಿತು. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಪಡೆದ ಡಾಕ್ಟರೇಟ್ ಪದವಿಗೆ ಬರೆದ ಪ್ರಬಂಧವೂ ಬಣ್ಣ ಹಿಡಿಸುವ ಶಾಸ್ತ್ರವನ್ನೇ ಕುರಿತದ್ದು. ಅದೇ ವರ್ಷ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಸೇರಿದರು. ಬಿಳಿ ರಕ್ತಕಣಗಳಲ್ಲಿ ಬಗೆಬಗೆಯವು ಇವೆ ಎಂಬುದನ್ನು ಬಣ್ಣದ ನೆರವಿನಿಂದ ಬೇರ್ಪಡಿಸಿ ತೋರಿಸಿದ್ದು ಈ ಅವಧಿಯ ಕೆಲಸ. ಇಂದು ಯಾವುದೇ ಪ್ರಯೋಗಾಲಯದಲ್ಲಿ ನಡೆಯುವ ರಕ್ತಕಣ ಎಣಿಕೆಯ ಬುನಾದಿ ಅಲ್ಲಿದೆ.

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಅವರು ಕ್ಷಯರೋಗದ ಜೀವಾಣುವನ್ನು ಕಂಡ ಸುದ್ದಿಯನ್ನು ಬರ್ಲಿನ್ನಿನ ಸಭೆಯೊಂದರಲ್ಲಿ ಪ್ರಕಟಿಸಿದಾಗ ಕೇಳುಗರಲ್ಲಿ ಎರ್ಲಿಕ್ ಕೂಡ ಇದ್ದರು. ಕೂಡಲೇ ಆ ಜೀವಾಣುವಿಗೆ ಬಣ್ಣ ಹಿಡಿಸುವ ಇನ್ನೂ ಉತ್ತಮವಾದ ವಿಧಾನವನ್ನು ರೂಪಿಸಿಕೊಟ್ಟರು. ವಿಧಿಯಾಟವೆನ್ನಬೇಕು, ಕೆಲವೇ ವರ್ಷಗಳ ನಂತರ ತಮ್ಮ ಕಫದಲ್ಲೇ ಆ ಜೀವಾಣುವನ್ನು ಅದೇ ಬಗೆಯ ಬಣ್ಣದಿಂದ ಗುರುತಿಸಬೇಕಾಯಿತು. 1883ರಲ್ಲಿ ಮದುವೆಯಾಗಿದ್ದ ಪತ್ನಿ ಹೆಡ್ವಿಗ್ ಅವರೊಂದಿಗೆ ಒಣ ಹವೆಯನ್ನು ಅರಸಿ 1888ರಲ್ಲಿ ಈಜಿಪ್ಟಿಗೆ ತೆರಳಿದರು. ಚೇತರಿಸಿಕೊಂಡು ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಖಾಸಗಿಯಾಗಿ ಸಣ್ಣ ಪ್ರಯೋಗಾಲಯವೊಂದನ್ನು ನಡೆಸಿದ ಮೇಲೆ ಕಾಕ್ ಅವರು ತಮ್ಮ ಹೊಸ ಸಂಸ್ಥೆಗೆ ಕರೆದುಕೊಂಡರು.

ಹರಳು, ಗುಲಗಂಜಿಗಳು ಎರ್ಲಿಕ್ ಬಾಳಿನಲ್ಲಿ ಪ್ರವೇಶಿಸಿದ್ದು ಇಲ್ಲಿ. 1890ರ ಕೊನೆಯಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನ ಶಿಬಸಬುರೊ ಕಿಟಸಾಟೊ ಅವರು, ಧನುರ್ವಾಯು ಮತ್ತು ಗಂಟಲಮಾರಿಯ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ಸೀರಂ ಮತ್ತೊಂದು ಪ್ರಾಣಿಯನ್ನು ಕಾಪಾಡಬಲ್ಲದು ಎಂದು ತೋರಿಸಿದ್ದರು. ರೋಗಾಣುಗಳ ವಿಷ ದಿನಕ್ಕೊಂದು ಶಕ್ತಿ ತೋರುವುದರಿಂದ ಲೆಕ್ಕ ಹಿಡಿಯುವುದು ಕಷ್ಟವಾಗಿತ್ತು. ಎರ್ಲಿಕ್ ಅವರು ಲೆಕ್ಕಕ್ಕೆ ಸಿಗುವ ವಿಷವನ್ನು ಆಯ್ದುಕೊಂಡರು. ಹರಳು ಬೀಜದ ರಿಸಿನ್, ಗುಲಗಂಜಿಯ ಅಬ್ರಿನ್. ಇಲಿಗಳಿಗೆ ಮೊದಲು ಅತ್ಯಲ್ಪ, ಬಳಿಕ ತುಸು ಹೆಚ್ಚು, ಹೀಗೆ ತಿನ್ನಿಸುತ್ತ ಹೋದಾಗ ಸಾಮಾನ್ಯ ಇಲಿಯನ್ನು ಕೊಲ್ಲುವ ಪ್ರಮಾಣದ ನೂರಾರು ಪಟ್ಟನ್ನು ಅವು ತಡೆದುಕೊಂಡವು. ರಿಸಿನ್‌ಗೆ ಒಗ್ಗಿದ ಇಲಿ ಅಬ್ರಿನ್‌ಗೆ ಸಾಯುತ್ತಿತ್ತು. ಅಬ್ರಿನ್‌ಗೆ ಒಗ್ಗಿದ್ದು ರಿಸಿನ್‌ಗೆ ಸಾಯುತ್ತಿತ್ತು. ಒಂದೊಂದು ವಿಷಕ್ಕೂ ಅದರದೇ ಆದ ಪ್ರತಿಕಾಯ ರಕ್ತದಲ್ಲಿ ಹುಟ್ಟುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಮುಂದಿನ ಪ್ರಯೋಗ ಇನ್ನೂ ಸರಳ, ಇನ್ನೂ ಸುಂದರ. ವಿಷಕ್ಕೆ ಒಗ್ಗಿದ ತಂದೆ ಇಲಿಯ ಮರಿಗಳಿಗೆ ರಕ್ಷಣೆ ಬರಲಿಲ್ಲ. ಒಗ್ಗಿದ ತಾಯಿಯ ಮರಿಗಳಿಗೆ ಬಂತು. ಹಾಗಾದರೆ ಅದು ಗರ್ಭದಲ್ಲಿ ಬಂದದ್ದೋ ಹಾಲಿನಲ್ಲಿ ಬಂದದ್ದೋ? ಎರ್ಲಿಕ್ ಮರಿಗಳನ್ನು ಅದಲುಬದಲು ಮಾಡಿದರು. ರಕ್ಷಣೆಯಿಲ್ಲದ ತಾಯಿಗೆ ಹುಟ್ಟಿದ ಮರಿಗಳನ್ನು ಒಗ್ಗಿದ ತಾಯಿಯ ಮೊಲೆಗೆ ಬಿಟ್ಟಾಗ ಅವುಗಳೂ ವಿಷವನ್ನು ತಡೆದುಕೊಂಡವು. ಕರು ಹಾಕಿದ ಹಸುವಿನ ಗಿಣ್ಣುಹಾಲನ್ನು ಮೊದಲು ಕರುವಿಗೇ ಕುಡಿಸಬೇಕೆಂದು ನಮ್ಮ ರೈತ ಮನೆಗಳಲ್ಲಿ ಹೇಳುವುದುಂಟು. ಅದರ ಹಿಂದಿನ ಕಾರಣವೂ ಇದೇ. ಕರುವಿಗೆ ತಾಯಿಯ ಪ್ರತಿಕಾಯಗಳು ದೊರೆಯುವುದು ಗಿಣ್ಣಿನಿಂದಲೇ.

ಆದರೆ ಈ ಮರಿಗಳ ರಕ್ಷಣೆ ಹೆಚ್ಚು ದಿನ ನಿಲ್ಲಲಿಲ್ಲ. ವಾರಗಳು ಕಳೆದಂತೆ ಕರಗಿ, ಕೆಲವು ತಿಂಗಳಲ್ಲಿ ಇಲ್ಲವಾಯಿತು. ದೇಹ ತಾನೇ ದುಡಿದು ಗಳಿಸಿದ ರಕ್ಷಣೆ ಬೇರೆ, ಪರರಿಂದ ಪಡೆದ ರಕ್ಷಣೆ ಬೇರೆ ಎಂದು ಎರ್ಲಿಕ್ 1892ರಲ್ಲಿ ವಿಂಗಡಿಸಿದರು. ಇಂದು ಆಸ್ಪತ್ರೆಯಲ್ಲಿ ಇಮ್ಯುನೊಗ್ಲೋಬುಲಿನ್ ಪಡೆಯುವ ರೋಗಿ ಮತ್ತೆ ಮತ್ತೆ ಬರಬೇಕಾಗಿರುವುದು ಈ ಎರಡನೆಯ ಬಗೆಯ ಗುಣದಿಂದ. ಏರಿಸಿದ ಪ್ರತಿಕಾಯದಲ್ಲಿ ಅರ್ಧದಷ್ಟು ಸುಮಾರು ಮೂರು ವಾರದಲ್ಲಿ ಸವೆದುಹೋಗುತ್ತದೆ.

ಎರ್ಲಿಕ್ ಅವರ ಮತ್ತೊಂದು ಕೊಡುಗೆ ಅಳತೆ. ಗಂಟಲಮಾರಿಯಿಂದ ಯುರೋಪಿನಲ್ಲಿ ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದ ಕಾಲವದು. ಬೆಹ್ರಿಂಗ್ ಅವರ ಸೀರಂ ಒಂದು ಸಲ ಮಗುವನ್ನು ಉಳಿಸಿದರೆ ಮತ್ತೊಂದು ಸಲ ಕೈಕೊಡುತ್ತಿತ್ತು. ಅದರಲ್ಲಿ ಎಷ್ಟು ಶಕ್ತಿಯಿದೆ ಎಂದು ತಿಳಿಯುವ ಉಪಾಯವಿರಲಿಲ್ಲ. ಇಲಿಗಳಲ್ಲಿ ಕಲಿತ ಪಾಠವನ್ನು ಎರ್ಲಿಕ್ ದೊಡ್ಡ ಪ್ರಾಣಿಗಳ ಮೇಲೆ ಅನ್ವಯಿಸಿ ಸೀರಂನ ಬಲ ಹೆಚ್ಚಿಸಿದರು. ಬಲವನ್ನು ಅಳೆಯುವ ಕ್ರಮ ರೂಪಿಸಿದರು. 1894ರಲ್ಲಿ ಹೋಕ್ಸ್ಟ್ ಕಾರ್ಖಾನೆ ಅದನ್ನು ಮಾರುಕಟ್ಟೆಗೆ ತಂದಿತು. 1897ರಲ್ಲಿ ಸೀರಂ ಅನ್ನು ಒಣಗಿಸಿ, ಗಾಳಿ-ಬೆಳಕು-ತೇವ ತಾಕದಂತೆ ಇಟ್ಟು, ಅದನ್ನೇ ಮಾನದಂಡವಾಗಿ ಬಳಸುವ ಪದ್ಧತಿಯನ್ನು ಪ್ರಕಟಿಸಿದರು. ಚಿನ್ನ ತೂಗುವ ಗುಲಗಂಜಿಯ ವಿಷದಿಂದ ಆರಂಭಿಸಿದವರು ಸೀರಂಗೂ ಒಂದು ತೂಕದ ಕಲ್ಲು ಕೊಟ್ಟರು ಎನ್ನಬಹುದು. ಬೆಹ್ರಿಂಗ್ ಅವರೊಂದಿಗಿನ ಗೆಳೆತನ ಮಾತ್ರ ಈ ಕೆಲಸದಲ್ಲಿ ಹಳಸಿತು. ಸೀರಂನ ಲಾಭ ಮುಖ್ಯವಾಗಿ ಬೆಹ್ರಿಂಗ್ ಪಾಲಾಯಿತು. 1901ರ ಪ್ರಥಮ ನೊಬೆಲ್ ವೈದ್ಯಕೀಯ ಪ್ರಶಸ್ತಿಯೂ ಅವರೊಬ್ಬರಿಗೇ ಸಂದಿತು. ತಮ್ಮನ್ನು ಬದಿಗೆ ಸರಿಸಿದರೆಂಬ ನೋವು ಎರ್ಲಿಕ್‌ಗೆ ಉಳಿಯಿತು.

1896ರಲ್ಲಿ ಬರ್ಲಿನ್ ಹೊರವಲಯದ ಸ್ಟೆಗ್ಲಿಟ್ಸ್‌ನಲ್ಲಿ ಸೀರಂ ಪರೀಕ್ಷೆಯ ಸರಕಾರಿ ಸಂಸ್ಥೆಯೊಂದನ್ನು ತೆರೆದು ಎರ್ಲಿಕ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಲಾಯಿತು. ಹೆಸರು ದೊಡ್ಡದು, ಕಟ್ಟಡ ಹಳೆಯ ಬೇಕರಿ ಮತ್ತು ಕುದುರೆ ಲಾಯ. 1899ರಲ್ಲಿ ಸಂಸ್ಥೆ ಫ್ರಾಂಕ್‌ಫರ್ಟ್ ನಗರಕ್ಕೆ ಸ್ಥಳಾಂತರಗೊಂಡಿತು. ಸದಾ ಸುರುಟು ಸೇದುವ, ಸಹೋದ್ಯೋಗಿಗಳಿಗೆ ಪ್ರತಿದಿನ ಬಣ್ಣದ ಚೀಟಿಗಳಲ್ಲಿ ಕೆಲಸ ಬರೆದು ಕಳುಹಿಸುವ, ಊಟ ಮರೆಯುವ, ಪತ್ತೇದಾರಿ ಕಥೆಗಳನ್ನು ಬಿಡದೆ ಓದುವ ನಿರ್ದೇಶಕರಾಗಿ ಅವರು ಅಲ್ಲಿ ಪ್ರಸಿದ್ಧರಾದರು.

ಈ ವರ್ಷಗಳಲ್ಲಿ ಅವರು ಮಂಡಿಸಿದ ಸಿದ್ಧಾಂತದ ಪ್ರಕಾರ, ಜೀವಕೋಶದ ಮೈಮೇಲೆ ಬೀಗದಂತಹ ಕೊಂಡಿಗಳಿವೆ, ವಿಷವು ಕೀಲಿಯಂತೆ ತನಗೆ ತಕ್ಕ ಕೊಂಡಿಗೆ ಮಾತ್ರ ಕೂಡುತ್ತದೆ, ಆಗ ಕೋಶ ಅಂತಹ ಕೊಂಡಿಗಳನ್ನು ಬೇಕಾದುದಕ್ಕಿಂತ ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅವೇ ಪ್ರತಿಕಾಯಗಳು. ಎಲ್ಲ ಕೋಶಗಳೂ ಈ ಕೆಲಸ ಮಾಡುತ್ತವೆ ಎಂಬ ಅವರ ಊಹೆ ಸರಿಯಿರಲಿಲ್ಲ. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಮತ್ತು ಅದರಿಂದ ಬೆಳೆಯುವ ಪ್ಲಾಸ್ಮಾ ಕೋಶಗಳಿಗೆ ಮಾತ್ರ ಈ ಸಾಮರ್ಥ್ಯವಿದೆ ಎಂಬುದು ಬಹಳ ತಡವಾಗಿ ತಿಳಿಯಿತು. ಕೊಂಡಿಯ ಕಲ್ಪನೆ ಮಾತ್ರ ನಿಂತಿತು.

ಜೂಲಿಯಸ್ ಮೊರ್ಗೆನ್‌ರೋತ್ ಅವರ ಜೊತೆ ಆಡುಗಳ ಮೇಲೆ ನಡೆಸಿದ ಪರೀಕ್ಷೆ ಮತ್ತೊಂದು ಸತ್ಯವನ್ನು ಮುಂದಿಟ್ಟಿತು. ಬೇರೆ ಆಡಿನ ರಕ್ತ ಚುಚ್ಚಿದರೆ ಆಡು ಆ ರಕ್ತಕ್ಕೆ ವಿರುದ್ಧವಾಗಿ ಪ್ರತಿಕಾಯ ತಯಾರಿಸುತ್ತಿತ್ತು. ತನ್ನ ರಕ್ತಕ್ಕೆ ವಿರುದ್ಧವಾಗಿ ಅಲ್ಲ. ದೇಹ ತನ್ನನ್ನು ತಾನೇ ವಿಷಪಡಿಸಿಕೊಳ್ಳಲು ಹೆದರುತ್ತದೆ ಎಂಬರ್ಥದ ಲ್ಯಾಟಿನ್ ಹೆಸರನ್ನು ಎರ್ಲಿಕ್ ಈ ಸಂಯಮಕ್ಕೆ ಕೊಟ್ಟರು. ಆ ಸಂಯಮ ತಪ್ಪಿದರೆ ದೇಹವೇ ದೇಹದ ಮೇಲೆ ಬೀಳುತ್ತದೆ ಎಂಬುದನ್ನು ಇಂದಿನ ಕ್ಯಾನ್ಸರ್ ವೈದ್ಯರು ನಿತ್ಯ ನೋಡುತ್ತಿದ್ದಾರೆ.

ಕ್ಯಾನ್ಸರಿನ ಬಗ್ಗೆ ಎರ್ಲಿಕ್ ಹೇಳಿದ್ದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಫ್ರಾಂಕ್‌ಫರ್ಟ್‌ನಲ್ಲಿ ಇಲಿಯಿಂದ ಇಲಿಗೆ ಗೆಡ್ಡೆ ನಾಟಿ ಮಾಡಿ ಅಧ್ಯಯನ ನಡೆಸಿದ ಅವರು, 1909ರಲ್ಲಿ ಪ್ರಕಟಿಸಿದ ಬರಹದಲ್ಲಿ, ದಾರಿತಪ್ಪಿದ ಕೋಶಗಳು ದೇಹದಲ್ಲಿ ಆಗಾಗ ಹುಟ್ಟುತ್ತಲೇ ಇರುತ್ತವೆ, ದೇಹದ ರಕ್ಷಣಾ ವ್ಯವಸ್ಥೆ ಅವುಗಳನ್ನು ಅದುಮಿಡದಿದ್ದರೆ ಕ್ಯಾನ್ಸರ್ ಈಗಿರುವುದಕ್ಕಿಂತ ಬಹಳ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿತ್ತು ಎಂಬ ಅಭಿಪ್ರಾಯ ಮಂಡಿಸಿದರು. ಸಾಬೀತುಪಡಿಸುವ ಉಪಕರಣ ಆಗ ಇರಲಿಲ್ಲ. ಐವತ್ತರ ದಶಕದಲ್ಲಿ ಆ ವಿಚಾರ ಮತ್ತೆ ತಲೆಯೆತ್ತಿತು. ರಕ್ಷಣಾ ವ್ಯವಸ್ಥೆಗೆ ಹಾಕಿದ ತಡೆಯನ್ನು ತೆಗೆದು ಕ್ಯಾನ್ಸರಿನ ಮೇಲೆ ಛೂ ಬಿಡುವ ಚಿಕಿತ್ಸೆಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಚಿಕಿತ್ಸೆಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಬಿ ಲಿಂಫೋಸೈಟ್‌ಗಳೇ ಕ್ಯಾನ್ಸರಾಗಿ ತಿರುಗಿದಾಗ, ಅವುಗಳ ಮೈಮೇಲಿನ ಗುರುತು ಹಿಡಿದು ಕೊಲ್ಲುವ ಔಷಧಿ ಕೊಡುತ್ತಾರೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಅಂತಹುದು. ರೋಗಿಯ ಬಿಳಿ ರಕ್ತಕಣಗಳನ್ನೇ ಹೊರತೆಗೆದು ತರಬೇತಿ ಕೊಟ್ಟು ಮರಳಿ ಬಿಡುವ ಕಾರ್-ಟಿ ಚಿಕಿತ್ಸೆ ಇನ್ನೊಂದು. ಭಾರತದಲ್ಲೇ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ದೊರೆಯಿತು. ಆರೋಗ್ಯವಂತ ಬಿ ಕೋಶದ ಮೈಮೇಲೂ ಅದೇ ಗುರುತು ಇರುವುದರಿಂದ ಕಳ್ಳನ ಜೊತೆ ಕಾವಲುಗಾರನೂ ಸಾಯುತ್ತಾನೆ. ಕ್ಯಾನ್ಸರ್ ಹಿಮ್ಮೆಟ್ಟುತ್ತದೆ, ಪ್ರತಿಕಾಯ ತಯಾರಿಸುವವರಿಲ್ಲ. ಗೆದ್ದ ರೋಗಿ ನ್ಯುಮೋನಿಯಾಕ್ಕೆ ಬಲಿಯಾಗುವ ಅಪಾಯ ಎದುರಾಗುತ್ತದೆ. ಮೈಲೋಮಾ ರೋಗದಲ್ಲಿ ಪ್ಲಾಸ್ಮಾ ಕೋಶಗಳನ್ನೇ ಗುರಿಯಿಡುವ ಹೊಸ ಔಷಧಿಗಳಲ್ಲಿ ಈ ಕೊರತೆ ಇನ್ನೂ ತೀವ್ರ.

ಆಗ ನೆರವಿಗೆ ಬರುವುದು ಎರವಲು ರಕ್ಷಣೆ. ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ಶುದ್ಧಗೊಳಿಸಿದ ಇಮ್ಯುನೊಗ್ಲೋಬುಲಿನ್. ರಕ್ತದಲ್ಲಿ ಐಜಿಜಿ ಪ್ರಮಾಣ ಡೆಸಿಲೀಟರಿಗೆ 400 ಮಿಲಿಗ್ರಾಮಿಗಿಂತ ಕೆಳಗಿಳಿದು, ಗಂಭೀರ ಸೋಂಕು ಅಥವಾ ಪದೇಪದೇ ಸೋಂಕು ಕಾಣಿಸಿದಾಗ ವೈದ್ಯರು ಸಾಮಾನ್ಯವಾಗಿ ಇದನ್ನು ಯೋಚಿಸುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.4 ಗ್ರಾಂನಂತೆ, ಅಂದರೆ 60 ಕಿಲೋ ತೂಕದವರಿಗೆ 24 ಗ್ರಾಂ, ಮೂರು-ನಾಲ್ಕು ವಾರಕ್ಕೊಮ್ಮೆ. ಮುಂದಿನ ಡೋಸಿನ ಮುನ್ನ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಪ್ರಮಾಣ ಹೊಂದಿಸುತ್ತಾರೆ. ಚರ್ಮದ ಕೆಳಗೆ ವಾರಕ್ಕೊಮ್ಮೆ ಕೊಡುವ ಬಗೆಯೂ ಇದೆ. ದುಬಾರಿಯಾದ ಈ ದ್ರವವನ್ನು ಐಜಿಜಿ ಸಂಖ್ಯೆ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಸುರಿಯುವುದು ಸರಿಯಲ್ಲ. ವೇಗವಾಗಿ ಏರಿಸಿದರೆ ತಲೆನೋವು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತ ಹೆಪ್ಪುಗಟ್ಟುವ ಭಯವೂ ಉಂಟು.

ಇನ್ನೊಂದು ಎಚ್ಚರ ಎರವಲಿನ ಸ್ವಭಾವಕ್ಕೆ ಸಂಬಂಧಿಸಿದ್ದು. ದಾನಿಗಳ ಪ್ರತಿಕಾಯ ರೋಗಿಯ ರಕ್ತದಲ್ಲಿ ಸೇರಿದ ಮೇಲೆ ಹೆಪಟೈಟಿಸ್-ಬಿ ಪ್ರತಿಕಾಯ ಪರೀಕ್ಷೆ ಮಾಡಿದರೆ, ಆ ಸೋಂಕು ಎಂದೂ ತಗಲದವರಿಗೂ ತಗಲಿತ್ತೆಂಬ ಫಲಿತಾಂಶ ಬರಬಹುದು. ಬಿ ಕೋಶ ನಾಶಪಡಿಸುವ ಚಿಕಿತ್ಸೆಗೆ ಮುನ್ನ ಈ ಪರೀಕ್ಷೆ ಅತ್ಯಗತ್ಯವಾದ್ದರಿಂದ, ಮೊದಲ ಡೋಸ್ ಇಮ್ಯುನೊಗ್ಲೋಬುಲಿನ್‌ಗೆ ಮೊದಲೇ ರಕ್ತ ತೆಗೆದಿಟ್ಟುಕೊಳ್ಳುವುದು ಲೇಸು. ಹುಟ್ಟಿನಿಂದಲೇ ಪ್ರತಿಕಾಯದ ಕೊರತೆ ಇರುವವರಿಗೆ ಕ್ಯಾನ್ಸರ್ ಬಂದು ತಡೆ ತೆಗೆಯುವ ಚಿಕಿತ್ಸೆ ಆರಂಭಿಸಿದರೂ ಅವರ ಇಮ್ಯುನೊಗ್ಲೋಬುಲಿನ್ ನಿಲ್ಲಿಸುವುದಿಲ್ಲ. ಅಂತಹ ಕೊರತೆಯೊಂದಿದೆ ಎಂದು 1952ರಲ್ಲಿ ಎಂಟು ವರ್ಷದ ಬಾಲಕನಲ್ಲಿ ಗುರುತಿಸಿ, ಪ್ರತಿ ತಿಂಗಳು ಗಾಮಾ ಗ್ಲೋಬುಲಿನ್ ಚುಚ್ಚಿ ಸೋಂಕುಗಳನ್ನು ತಡೆದವರು ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್. ಎರ್ಲಿಕ್ ಇಲಿಮರಿಗಳಿಗೂ ಆ ಬಾಲಕನಿಗೂ ನಡುವೆ ಅರವತ್ತು ವರ್ಷ.

1908ರಲ್ಲಿ ಎರ್ಲಿಕ್ ಅವರಿಗೆ ರಷ್ಯಾ ಮೂಲದ ಇಲ್ಯಾ ಮೆಚ್ನಿಕಾಫ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ಜಗತ್ತು ಅವರನ್ನು ಹೆಚ್ಚಾಗಿ ನೆನೆಯುವುದು ಅದರ ಮರುವರ್ಷದ ಕೆಲಸಕ್ಕೆ. ಜಪಾನಿನಿಂದ ಬಂದ ಸಹಾಚಿರೊ ಹಟಾ, ಸಂಗ್ರಹದಲ್ಲಿದ್ದ ಆರ್ಸೆನಿಕ್ ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿ, 606ನೆಯದು ಸಿಫಿಲಿಸ್ ರೋಗಾಣುವನ್ನು ಕೊಲ್ಲುತ್ತದೆ ಎಂದು ತೋರಿಸಿದರು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಬಂತು. ದೇಹಕ್ಕೆ ಹಾನಿ ಮಾಡದೆ ರೋಗಾಣುವನ್ನಷ್ಟೇ ಹುಡುಕಿ ಹೊಡೆಯುವ ಮಾಂತ್ರಿಕ ಗುಂಡು ಎಂಬ ಅವರ ಕನಸಿಗೆ ಸಿಕ್ಕ ಮೊದಲ ದೊಡ್ಡ ಫಲವಿದು.

ಫಲದ ಜೊತೆ ಕಹಿಯೂ ಬಂತು. ಔಷಧಿಯನ್ನು ಸರಿಯಾಗಿ ಕರಗಿಸಿ ಚುಚ್ಚುವುದು ಕಷ್ಟವಾಗಿತ್ತು. ಕೆಲವರಿಗೆ ತೊಂದರೆಯಾಯಿತು, ಸಾವುಗಳೂ ಸಂಭವಿಸಿದವು. ಎರ್ಲಿಕ್ ಒಂದೊಂದು ದೂರನ್ನೂ ತರಿಸಿಕೊಂಡು ಓದಿದರು. 1912ರಲ್ಲಿ ಸುಲಭವಾಗಿ ಕರಗುವ ನಿಯೋಸಾಲ್ವರ್ಸಾನ್ ತಂದರು. ಅಷ್ಟರಲ್ಲಿ ಹಣಕ್ಕಾಗಿ ಬಡವರ ಮೇಲೆ ಪ್ರಯೋಗ ನಡೆಸಿದರೆಂಬ ಆಪಾದನೆ ಪತ್ರಿಕೆಗಳಲ್ಲಿ ಹರಡಿತು. ಯೆಹೂದಿ ದ್ವೇಷವೂ ಅದರಲ್ಲಿ ಬೆರೆಯಿತು. 1914ರಲ್ಲಿ ಫ್ರಾಂಕ್‌ಫರ್ಟ್ ನ್ಯಾಯಾಲಯದಲ್ಲಿ ಎರ್ಲಿಕ್ ಸಾಕ್ಷಿ ನುಡಿಯಬೇಕಾಯಿತು. ಆಪಾದಿಸಿದವನಿಗೆ ಜೈಲುಶಿಕ್ಷೆಯಾಯಿತು, ಎರ್ಲಿಕ್ ಅವರ ಆರೋಗ್ಯ ಮಾತ್ರ ಕುಸಿದಿತ್ತು. ಆ ವರ್ಷವೇ ಮಹಾಯುದ್ಧ ಆರಂಭವಾಯಿತು. ವಿದೇಶಿ ಗೆಳೆಯರ ಸಂಪರ್ಕ ಕಡಿದುಹೋಯಿತು. 1915ರ ಆಗಸ್ಟ್ 20ರಂದು, ವಿಶ್ರಾಂತಿಗೆಂದು ಹೋಗಿದ್ದ ಬಾಡ್ ಹೊಂಬರ್ಗ್‌ನಲ್ಲಿ 61ನೆಯ ವಯಸ್ಸಿನಲ್ಲಿ ನಿಧನರಾದರು. ಫ್ರಾಂಕ್‌ಫರ್ಟ್‌ನ ಯೆಹೂದಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಅವರ ಹೆಸರಿನ ರಸ್ತೆಯ ಹೆಸರು ಬದಲಾಯಿತು. ಪತ್ನಿ ಹೆಡ್ವಿಗ್ ದೇಶ ತೊರೆದು ಕೊನೆಗೆ ಅಮೆರಿಕ ಸೇರಿ 1948ರಲ್ಲಿ ತೀರಿಕೊಂಡರು. ಯುದ್ಧದ ನಂತರ ರಸ್ತೆಗೆ ಹಳೆಯ ಹೆಸರು ಮರಳಿತು. ಯೂರೋ ಬರುವ ಮುನ್ನ ಚಲಾವಣೆಯಲ್ಲಿದ್ದ 200 ಮಾರ್ಕ್ ನೋಟಿನ ಮೇಲೆ ಅವರ ಭಾವಚಿತ್ರ ಅಚ್ಚಾಗಿತ್ತು. ಸ್ಟೆಗ್ಲಿಟ್ಸ್‌ನ ಬೇಕರಿಯಲ್ಲಿ ಆರಂಭವಾದ ಸೀರಂ ಪರೀಕ್ಷೆಯ ಸಂಸ್ಥೆ ಈಗ ಪಾಲ್ ಎರ್ಲಿಕ್ ಹೆಸರಿನಲ್ಲಿಯೇ ಫ್ರಾಂಕ್‌ಫರ್ಟ್ ಬಳಿಯ ಲಾಂಗೆನ್ ಪಟ್ಟಣದಲ್ಲಿದೆ. ಜರ್ಮನಿಯಲ್ಲಿ ಲಸಿಕೆಗಳ ಜೊತೆಗೆ ಇಮ್ಯುನೊಗ್ಲೋಬುಲಿನ್ ಮತ್ತು ಕಾರ್-ಟಿ ಚಿಕಿತ್ಸೆಯ ಸುರಕ್ಷತೆಯ ಹೊಣೆ ಹೊತ್ತಿರುವುದೂ ಅದೇ ಸಂಸ್ಥೆ.